ತೀನ್ ಕಂದೀಲಿನ ಜರಿಗಿಡ

ನನ್ನ ಫಾಲ್-ಪಿಕೋ ಅಂಗಡಿಗೂ
ಬ್ಯಾಂಕಿನ ಎಟಿಎಂಗೂ ನಡುವೆ ಒಂದೇ ಗೋಡೆ.
ಈ ಕಡೆ ಬ್ಯಾಸಗಿ, ಆ ಕಡೆ ಥಂಡಿ.
ಕಾವಲಿನ ಮೌಲಾಲಿಗೆ ಒಳಗೆ ಕೂಡಲು ಪರವಾನಗಿ ಇಲ್ಲ;
ಯಾರಾದರೂ ಬಾಗಿಲು ತೆಗೆದಾಗ
ಹೊರಬೀಳುವ ತುತ್ತು ತಂಪಿಗೆ
ಕುರ್ಚಿ ಸರಿಸಿಕೊಳ್ಳುತ್ತಿದ್ದ.

ಮಾಘದಲ್ಲಿ ಆಂಧ್ರದ ಕಡೆಯ ಗಿಡದ ಲಾರಿ ಬಂತು.
ಗುಲಾಬಿ ಕೇಳಲು ಹೋದವನು
ಇದನ್ನು ಹೊತ್ತು ತಂದ. ಎಂಬತ್ತು ರೂಪಾಯಿ.
ಹೂವಿಲ್ಲ, ಕಾಯಿಲ್ಲ, ವಾಸನೆಯೂ ಇಲ್ಲ.
"ಏನಂತಾರ ಇದಕ್ಕ?"
"ಜರಿ ಅಂತ, ಅಕ್ಕಾ."
ಜರಿ ಅಂದರೆ ನನಗೆ ಸೀರೆಯದು,
ನಮ್ಮವ್ವಗೆ ಬಚ್ಚಲ ಕಲ್ಲಿನಡಿ ಹರಿಯುವ ನೂರು ಕಾಲಿನದು.

ಕಡ್ಡಿ ಹಿಡಿದು ನೋಡಿದೆ:
ನಲವತ್ತನೇ ನಂಬರಿನ ಕರೀ ದಾರ, ಥೇಟು.
ಅಷ್ಟು ಸಣ್ಣ ದಾರಕ್ಕೆ ಇಷ್ಟು ಹಸಿರು ಪೋಣಿಸಿದವರು ಯಾರೋ.
ಮೂರು ದಿನ, ಎಂದೆ. ಇದು ರಾಯಚೂರು.
ಇಲ್ಲಿಯ ಗಾಳಿಗೆ
ತಣ್ಣೀರ ಲೋಟ ಕೂಡ ಬೆವರುವುದಿಲ್ಲ.

ಮೊದಲ ವಾರ ಬೋರಿನ ನೀರು ಹಾಕಿದ.
ಬೇಳೆ ಬೇಯದ, ಸಾಬೂನು ನೊರೆಯದ ಆ ನೀರಿಗೆ
ತುದಿಗಳೆಲ್ಲ ಸುಟ್ಟುಕೊಂಡವು.
ಆಮೇಲೆ ಅವನ ಕಣ್ಣಿಗೆ ಬಿತ್ತು
ಹಿಂದಿನ ಬಿಸಿಲು ಕಾಣದ ಗಲ್ಲಿಯಲ್ಲಿ
ಎಸಿಯ ಬಿಳಿ ಪೈಪು, ಯಾರಿಗೂ ಬೇಡವಾಗಿ,
ಟಪ್.
ಟಪ್.
ಉಪ್ಪಿಲ್ಲದ ನೀರು. ರೊಕ್ಕಕ್ಕೆ ಬಂದವರ ಬೆವರು,
ಬ್ಯಾಲೆನ್ಸ್ ನೋಡಿ ಬಿಟ್ಟ ನಿಟ್ಟುಸಿರು,
ಎಲ್ಲ ಸೋಸಿ ಇಳಿದ ನೀರು.
ಕುಂಡವನ್ನು ಅದರಡಿ ಇಟ್ಟ.

ತಿಂಗಳೊಳಗೆ ಹೊಸ ಎಲೆ.
ಮುಷ್ಟಿ ಕಟ್ಟಿಕೊಂಡೇ ಹುಟ್ಟಿ, ನಿಧಾನಕ್ಕೆ ಬೆರಳು ಬಿಚ್ಚಿ.
ಹನಿ ಬಿದ್ದರೆ ನೆನೆಯದೆ
ಕೆಳಗಿನ ಎಲೆಗೆ ದಾಟಿಸಿ ಸುಮ್ಮನಾಗುತ್ತಿತ್ತು.

ಯುಗಾದಿ ಮುಗಿದ ವಾರ ಗಾಬರಿಯಾಗಿ ಬಂದ.
"ರೋಗ ಬಿತ್ತು ಅಕ್ಕಾ. ಅಂಚೆಲ್ಲ ಕಂದಾಗ್ಯಾವ.
ಕತ್ರಿ ಕೊಡ್ರಿ."
ಎಲೆ ಮಗುಚಿ ಬೆಳಕಿಗೆ ಹಿಡಿದೆ.
ಇಪ್ಪತ್ತೆರಡು ವರ್ಷ ಅಂಚು ಹೊಲಿದ ಕಣ್ಣು ನನ್ನದು.
ಸುಟ್ಟದ್ದಲ್ಲ. ಮಡಚಿದ್ದು.
ಒಂದೊಂದು ಎಲೆಯೂ ತನ್ನ ಅಂಚು ಕೆಳಕ್ಕೆ ತಿರುವಿ
ಒಳಗೇನೋ ಇಟ್ಟುಕೊಂಡಿತ್ತು.

ಹಳೇ ಸೀರೆಯ ಫಾಲ್ ಬಿಚ್ಚುವಾಗ ನಾನು ಕಂಡದ್ದು:
ಐದರ ನೋಟು, ನಾಲ್ಕು ಮಡಿಕೆ.
ದರ್ಗಾದ ದಾರ.
ಒಂದು ಫೋನ್ ನಂಬರು, ಒಂಬತ್ತೇ ಅಂಕಿ.
ಗಬ್ಬೂರಿನ ಒಬ್ಬಾಕೆಯದರಲ್ಲಿ ಕೂಸಿನ ಹಾಲುಹಲ್ಲು.
ಎಲ್ಲ ಇದ್ದಲ್ಲೇ ಇಟ್ಟು ಮತ್ತೆ ಹೊಲಿದು ಕೊಟ್ಟೆ,
ಕೇಳಲಿಲ್ಲ, ಹೇಳಲಿಲ್ಲ.
ಗೋಡೆಯಾಚೆ ಪಿನ್ ಒತ್ತಿ ತೆಗೆಯುವುದು ಬೇರೆ,
ಇದು ಬೇರೆ.

"ಕತ್ರಿ ಕೊಡೂದಿಲ್ಲ. ಕೂಡಿಟ್ಟದ್ದು ಅದು, ಬಿಡು."
ನನ್ನ ಮಾತು ನಂಬಲಿಲ್ಲ. ಆದರೂ ಬಿಟ್ಟ.

ಮೇ ತಿಂಗಳ ಒಂದು ಮಂಗಳವಾರ
ನಾಲ್ಕು ಜನ, ಒಂದು ಟೆಂಪೊ,
ಎಟಿಎಂ ಬಿಚ್ಚಿಕೊಂಡು ಹೋದರು. ಎಸಿಯನ್ನೂ.
ಮೌಲಾಲಿಗೆ ಜಿನ್ನಿಂಗ್ ಮಿಲ್ಲಿನ ಗೇಟು ಸಿಕ್ಕಿತು,
ನನಗೆ ಕುಂಡ.
ಗಡಿಗೆ ಮಗ್ಗುಲಿಗೆ ಇಟ್ಟೆ, ಒದ್ದೆ ಗೋಣಿ ಹೊದಿಸಿದೆ,
ನಾವು ಕುಡಿಯುವ ಕ್ಯಾನಿನ ನೀರೇ ಹಾಕಿದೆ.
ಶುಕ್ರವಾರಕ್ಕೆ ಎಲೆಯೆಲ್ಲ ಕಾಗದ.
ಮುಟ್ಟಿದರೆ ಉದುರಿ, ಕಂದು ಪುಡಿ
ಯಾರದೋ ಮದುವೆ ಸೀರೆಯ ಮೇಲೆ.
ಝಾಡಿಸಿದೆ. ಜರಿದೆ ಕೂಡ,
ಗಿಡವನ್ನೋ, ಬ್ಯಾಂಕನ್ನೋ, ಎಂಬತ್ತು ರೂಪಾಯಿಯನ್ನೋ.

ಈಗ ಆಷಾಢ.
ಗಡಿಗೆ ಕೆಳಗಿನ ಇಟ್ಟಂಗಿಯಲ್ಲಿ, ಸದಾ ಜಿನುಗುವ ಕಡೆ,
ಉಗುರಿನಷ್ಟು ಹಸಿರು. ಕಡ್ಡಿಯಿಲ್ಲ, ದಾರವಿಲ್ಲ.
ಇರುವೆಗಳ ಮನೆಯ ಮದುವೆಗೆ
ಯಾರೋ ಕತ್ತರಿಸಿಟ್ಟ ವೀಳ್ಯದೆಲೆಯ ಹಾಗೆ.

"ಪಾಚಿ ರೀ ಅದು, ಕೆರೆದು ಹಾಕ್ರಿ, ಜಾರಿ ಬಿದ್ದೀರಿ,"
ಎಂದಳು ಬ್ಲೌಸ್ ಒಯ್ಯಲು ಬಂದ ಹುಲಿಗೆಮ್ಮ.
ಇರಬಹುದು.
ಮೌಲಾಲಿಗೆ ಇನ್ನೂ ಫೋನ್ ಮಾಡಿಲ್ಲ.
ಗಡಿಗೆ ತುಂಬುವಾಗ ಮಾತ್ರ
ತುಸು ಹೆಚ್ಚೇ ಸುರಿದು
ಕೈತಪ್ಪಿ ಚೆಲ್ಲಿದಂತೆ ಮಾಡುತ್ತೇನೆ.